ಬೈಕುಲ್ಲಾದ ವಾರ್ಡುಗಳಲ್ಲಿ ಹೃದಯ, ಮಿದುಳು ಮತ್ತು ವಿದ್ಯುತ್ತು

ಮುಂಬಯಿಯ ಬೈಕುಲ್ಲಾದಲ್ಲಿ 1845ರಲ್ಲಿ ಆರಂಭವಾದ ಗ್ರಾಂಟ್ ವೈದ್ಯಕೀಯ ಕಾಲೇಜು ಮತ್ತು ಅದರ ಜೊತೆಗೇ ಕಟ್ಟಲಾದ ಸರ್ ಜಮ್ಶೇಟ್‌ಜಿ ಜೀಜೀಭಾಯ್ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿ ಜೆ.ಜೆ. ಆಸ್ಪತ್ರೆ, ಪಶ್ಚಿಮ ಭಾರತದಲ್ಲಿ ಪಾಶ್ಚಾತ್ಯ ವೈದ್ಯಶಾಸ್ತ್ರ ಬೇರೂರಿದ ಮೊದಲ ನೆಲೆಗಳಲ್ಲಿ ಸೇರುತ್ತವೆ. ಹೃದಯ ಮತ್ತು ಮಿದುಳು ವಿದ್ಯುತ್ತಿನ ಸೂಕ್ಷ್ಮ ಪ್ರವಾಹಗಳಿಂದ ಕೆಲಸ ಮಾಡುವ ಅಂಗಗಳೆಂಬ ಅರಿವು ಬೆಳೆದುಬಂದ ಕಾಲವೂ ಹೆಚ್ಚುಕಡಿಮೆ ಈ ಸಂಸ್ಥೆಯ ಆಯುಷ್ಯದ ಕಾಲವೇ. ಆ ಅರಿವಿನ ವಿಷಯದಲ್ಲಿ ಬೈಕುಲ್ಲಾ ಮೊದಲ ನೂರು ವರ್ಷಗಳಲ್ಲಿ ಯುರೋಪಿನಿಂದ ಪಡೆದುಕೊಂಡದ್ದೇ ಹೆಚ್ಚು. 1957ರ ಬಳಿಕದ ಒಂದೂವರೆ ದಶಕದಲ್ಲಿ ಮಾತ್ರ ಅದು ಜಗತ್ತಿಗೆ ಏನನ್ನಾದರೂ ತಿರುಗಿ ಕೊಟ್ಟಿತು, ಮತ್ತು ಕೊಟ್ಟದ್ದು ಯಂತ್ರಗಳ ಬಲದಿಂದಲ್ಲ, ವಾರ್ಡಿನಲ್ಲಿ ಮಲಗಿದ್ದ ರೋಗಿಗಳನ್ನು ಗಮನವಿಟ್ಟು ನೋಡಿದ್ದರಿಂದ.

ಬೊಂಬಾಯಿಯ ಗವರ್ನರ್ ಆಗಿದ್ದ ಸರ್ ರಾಬರ್ಟ್ ಗ್ರಾಂಟ್ 1838ರಲ್ಲಿ ತೀರಿಕೊಂಡಾಗ ನಗರದ ಗಣ್ಯರು ಸ್ಮಾರಕಕ್ಕೆಂದು ಹಣ ಕೂಡಿಸಿದರು. ದೇಶೀಯರಿಗೆ ವೈದ್ಯ ಶಿಕ್ಷಣ ಕೊಡಬೇಕೆಂಬುದು ಗ್ರಾಂಟ್ ಅವರದೇ ಯೋಜನೆಯಾಗಿದ್ದುದರಿಂದ ಆ ಹಣ ಕಾಲೇಜಿಗೆ ಸಂದಿತು. ಪಾರ್ಸಿ ವರ್ತಕ ಜಮ್ಶೇಟ್‌ಜಿ ಜೀಜೀಭಾಯ್ ಆಸ್ಪತ್ರೆಗೆ ಒಂದು ಲಕ್ಷ ರೂಪಾಯಿ ಕೊಟ್ಟರು. 1843ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು, ಡಾ. ಚಾರ್ಲ್ಸ್ ಮೋರ್‌ಹೆಡ್ ಮೊದಲ ಪ್ರಾಂಶುಪಾಲರಾದರು, ಮತ್ತು 1851ರಲ್ಲಿ ಹೊರಬಿದ್ದ ಮೊದಲ ತಂಡದ ಪದವೀಧರರಲ್ಲಿ ಮುಂದೆ ಪ್ರಾಚ್ಯವಿದ್ಯಾ ಪಂಡಿತರೆಂದು ಹೆಸರಾದ, ಬೈಕುಲ್ಲಾದ ರಾಣಿಬಾಗ್‌ನಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಈಗ ಹೆಸರು ಕೊಟ್ಟಿರುವ ಭಾವು ದಾಜಿ ಲಾಡ್ ಕೂಡ ಇದ್ದರು. ಈ ಮೊದಲ ವಿದ್ಯಾರ್ಥಿಗಳು ಕಲಿತ ಹೃದಯವು ರಕ್ತವನ್ನು ಒತ್ತುವ ಮಾಂಸದ ಚೀಲವಾಗಿತ್ತು, ಅವರು ಕಲಿತ ಮಿದುಳು ನರಗಳೆಲ್ಲ ಬಂದು ಸೇರುವ ಮೆದುವಾದ ಮುದ್ದೆಯಾಗಿತ್ತು. ನರದೊಳಗೆ ಹರಿಯುವುದೇನು ಎಂಬ ಪ್ರಶ್ನೆಗೆ ಆಗ ಜಗತ್ತಿನ ಯಾವ ಕಾಲೇಜಿನಲ್ಲೂ ಖಚಿತ ಉತ್ತರವಿರಲಿಲ್ಲ.

ಉತ್ತರದ ಮೊದಲ ತುಣುಕು ಸಿಕ್ಕದ್ದು ಆ ವರ್ಷಗಳಲ್ಲೇ. ಜರ್ಮನಿಯ ಹೆರ್ಮಾನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದ ಒಂದು ತುದಿಗೆ ವಿದ್ಯುತ್ತಿನ ಚುರುಕು ಕೊಟ್ಟು, ಸ್ನಾಯು ಸೆಡೆಯುವವರೆಗಿನ ಸಮಯವನ್ನು ಅಳೆದು, ನರದ ಸಂದೇಶ ಸೆಕೆಂಡಿಗೆ ಸುಮಾರು 27 ಮೀಟರ್ ವೇಗದಲ್ಲಿ ಸಾಗುತ್ತದೆಂದು ತೋರಿಸಿದರು. ನರದ ಸಂದೇಶ ಮಿಂಚಿನಷ್ಟು ವೇಗವಾಗಿರಬೇಕೆಂದು, ಅದನ್ನು ಅಳೆಯುವುದೇ ಅಸಾಧ್ಯವೆಂದು ನಂಬಿದ್ದ ಕಾಲಕ್ಕೆ ಇದು ಆಘಾತಕರವಾದ ನಿಧಾನಗತಿ. ತಂತಿಯಲ್ಲಿ ವಿದ್ಯುತ್ತು ಹರಿಯುವ ವೇಗಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲವಾದ್ದರಿಂದ, ನರವು ಬರಿಯ ತಂತಿಯಲ್ಲ, ವಿದ್ಯುತ್ತನ್ನು ಹೆಜ್ಜೆಹೆಜ್ಜೆಗೂ ತಾನೇ ಹೊಸದಾಗಿ ಹುಟ್ಟಿಸಿಕೊಳ್ಳುವ ಜೀವಂತ ದಾರಿ ಎಂಬ ತಿಳಿವಳಿಕೆಗೆ ಇಲ್ಲಿಂದ ದಾರಿಯಾಯಿತು.

ಕಾಲೇಜಿನ ಇತಿಹಾಸದಲ್ಲಿ ಸಿಗಬೇಕಾದಷ್ಟು ಪ್ರಾಶಸ್ತ್ಯ ಸಿಗದ ವ್ಯಕ್ತಿ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್. ಲಂಡನ್ನಿನಲ್ಲಿ ಹೆನ್ರಿ ಗ್ರೇ ಬರೆದ ಅಂಗರಚನಾಶಾಸ್ತ್ರದ ಗ್ರಂಥಕ್ಕೆ 363 ಚಿತ್ರಗಳನ್ನು ಬಿಡಿಸಿಕೊಟ್ಟವರು ಅವರು. ಪುಸ್ತಕ 1858ರಲ್ಲಿ ಅಚ್ಚಾಗುವ ಹೊತ್ತಿಗೆ ಕಾರ್ಟರ್ ಬೊಂಬಾಯಿ ವೈದ್ಯಕೀಯ ಸೇವೆಗೆ ಸೇರಿ ಇಲ್ಲಿಗೆ ಬಂದಿದ್ದರು. ಗ್ರೇ ಅವರಿಗೆ ಮಾರಾಟವಾದ ಪ್ರತಿಗಳ ಮೇಲೆ ಗೌರವಧನ ದೊರೆತರೆ ಕಾರ್ಟರ್ ಅವರಿಗೆ ಒಮ್ಮೆಗೇ 150 ಪೌಂಡ್ ಕೊಟ್ಟು ಲೆಕ್ಕ ಮುಗಿಸಲಾಯಿತು. ಗ್ರೇ 1861ರಲ್ಲಿ, ತಮ್ಮ ಮೂವತ್ತರ ಪ್ರಾಯದಲ್ಲೇ, ಸಿಡುಬಿನಿಂದ ತೀರಿಕೊಂಡರು. ಕಾರ್ಟರ್ ಮಾತ್ರ ಗ್ರಾಂಟ್ ಕಾಲೇಜಿನಲ್ಲಿ ಅಂಗರಚನೆ ಮತ್ತು ಶರೀರಕ್ರಿಯೆಗಳ ಪ್ರಾಧ್ಯಾಪಕರಾಗಿ, ಮುಂದೆ ಅದರ ಪ್ರಾಂಶುಪಾಲರೂ ಆಗಿ, ಕುಷ್ಠರೋಗ, ಮರುಕಳಿಸುವ ಜ್ವರ ಮತ್ತು ಕಾಲಿಗೆ ಹತ್ತುವ ಶಿಲೀಂಧ್ರ ರೋಗಗಳ ಕುರಿತು ದಶಕಗಟ್ಟಲೆ ದುಡಿದರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಗ್ರೇ ಹೆಸರಿನಿಂದ ಕರೆಯುವ ಪುಸ್ತಕದ ಖ್ಯಾತಿಗೆ ಅರ್ಧ ಕಾರಣವಾದ ಕೈ ಬೈಕುಲ್ಲಾದ ತರಗತಿಗಳಲ್ಲಿ ಪಾಠ ಹೇಳುತ್ತಿತ್ತೆಂಬುದು ಮರೆಯಬಾರದ ಸಂಗತಿ.

ಕಾರ್ಟರ್ ಚಿತ್ರಿಸಿದ ಹೃದಯದಲ್ಲಿ ಕೋಣೆಗಳಿವೆ, ಕವಾಟಗಳಿವೆ, ಕವಾಟಗಳನ್ನು ಹಿಡಿದಿಟ್ಟ ತಂತುಗಳಿವೆ, ರಕ್ತನಾಳಗಳಿವೆ. ಹೃದಯವನ್ನು ಬಡಿಸುವ ಭಾಗ ಮಾತ್ರ ಅಲ್ಲಿಲ್ಲ. ಇದು ಚಿತ್ರಕಾರನ ಲೋಪವಲ್ಲ, ಆ ಭಾಗ ಇದೆಯೆಂಬುದೇ ಆಗ ಗೊತ್ತಿರಲಿಲ್ಲ. ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 1839ರಲ್ಲಿ ಕುರಿಯ ಹೃದಯದ ಒಳಗೋಡೆಯಲ್ಲಿ ಬೂದುಬಣ್ಣದ ವಿಚಿತ್ರ ಎಳೆಗಳನ್ನು ಕಂಡಿದ್ದರಾದರೂ ಅವುಗಳ ಕೆಲಸವೇನೆಂದು ಯಾರಿಗೂ ತಿಳಿಯಲಿಲ್ಲ. 1893ರಲ್ಲಿ ವಿಲ್ಹೆಲ್ಮ್ ಹಿಸ್ ಹೃದಯದ ಮೇಲಿನ ಮತ್ತು ಕೆಳಗಿನ ಕೋಣೆಗಳನ್ನು ಬೆಸೆಯುವ ಒಂದು ಕಟ್ಟನ್ನು ವಿವರಿಸಿದರು. 1906ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರಾ ಆ ಕಟ್ಟು ಒಂದು ಗಂಟಿನಿಂದ ಹೊರಟು, ಕವಲೊಡೆದು, ಪುರ್ಕಿನ್ಯೆ ಕಂಡ ಎಳೆಗಳಲ್ಲೇ ಕೊನೆಗೊಳ್ಳುತ್ತದೆಂದು ತೋರಿಸಿದರು. ಮರುವರ್ಷ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಬಲ ಮೇಲ್ಕೋಣೆಯ ಮೂಲೆಯಲ್ಲಿ, ದೊಡ್ಡ ಅಭಿಧಮನಿ ಬಂದು ಸೇರುವಲ್ಲಿ, ಇನ್ನೊಂದು ಪುಟ್ಟ ಗಂಟನ್ನು ಗುರುತಿಸಿದರು. ಹೃದಯದ ಬಡಿತ ಹುಟ್ಟುವುದು ಈ ಗಂಟಿನಲ್ಲೇ ಎಂಬುದು ಕೆಲವೇ ವರ್ಷಗಳಲ್ಲಿ ಖಚಿತವಾಯಿತು. ಕಾರ್ಟರ್ ಚಿತ್ರ ಬಿಡಿಸಿ ಆಗಲೇ ಅರ್ಧ ಶತಮಾನ ಕಳೆದಿತ್ತು.

ಈ ಗಂಟಿನ ಕೋಶಗಳ ವಿಶೇಷವನ್ನು ಅರಿಯಲು ಕೋಶದ ಪೊರೆಯಿಂದಲೇ ಆರಂಭಿಸಬೇಕು. ಪ್ರತಿ ಜೀವಕೋಶವೂ ಪೊಟ್ಯಾಸಿಯಮ್ಮನ್ನು ಒಳಗೆ ಹೆಚ್ಚಾಗಿ, ಸೋಡಿಯಮ್ಮನ್ನು ಹೊರಗೆ ಹೆಚ್ಚಾಗಿ ಇಟ್ಟುಕೊಳ್ಳುವುದರಿಂದ, ವಿದ್ಯುದಂಶ ಹೊತ್ತ ಈ ಕಣಗಳ ಅಸಮತೆಯಿಂದಾಗಿ, ಪೊರೆಯ ಒಳಬದಿ ಹೊರಬದಿಗಿಂತ ಋಣವಾಗಿರುತ್ತದೆ. ವಿಶ್ರಾಂತ ನರಕೋಶದಲ್ಲಿ ಈ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್, ಅಂದರೆ ವೋಲ್ಟಿನ ಸಾವಿರ ಪಾಲುಗಳಲ್ಲಿ ಎಪ್ಪತ್ತು. ಪ್ರಚೋದನೆ ಸಿಕ್ಕಾಗ ಪೊರೆಯ ಸೋಡಿಯಂ ಬಾಗಿಲುಗಳು ತೆರೆದುಕೊಂಡು ಒಳಬದಿ ಕ್ಷಣಮಾತ್ರ ಧನವಾಗುತ್ತದೆ, ಆ ಏರಿಳಿತ ಪಕ್ಕದ ಪೊರೆಯ ಬಾಗಿಲುಗಳನ್ನು ತೆರೆಸುತ್ತ ಮುಂದೆ ಹರಿಯುತ್ತದೆ. ಅಲನ್ ಹಾಜ್ಕಿನ್ ಮತ್ತು ಆಂಡ್ರೂ ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಇದನ್ನು ಲೆಕ್ಕಹಾಕಿ ವಿವರಿಸಿದರು. ನರಕೋಶದಲ್ಲಿ ಇಡೀ ಏರಿಳಿತ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಮುಗಿದರೆ ಹೃದಯದ ಕೆಳಕೋಣೆಯ ಸ್ನಾಯುಕೋಶದಲ್ಲಿ ಅದು ಇನ್ನೂರು ಮುನ್ನೂರು ಪಟ್ಟು ದೀರ್ಘವಾಗಿರುತ್ತದೆ. ರಕ್ತವನ್ನು ಹಿಂಡಿ ಹೊರದೂಡಲು ಆ ಬಿಡುವು ಬೇಕು. ಕೀತ್ ಮತ್ತು ಫ್ಲ್ಯಾಕ್ ಕಂಡ ಗಂಟಿನ ಕೋಶಗಳು ಮಾತ್ರ ಯಾವ ಪ್ರಚೋದನೆಗೂ ಕಾಯದೆ, ತಮ್ಮ ಪೊರೆಯ ಸಣ್ಣ ಸೋರಿಕೆಯಿಂದಲೇ ನಿಮಿಷಕ್ಕೆ 60ರಿಂದ 100 ಬಾರಿ ಸ್ವತಃ ಉದ್ದೀಪನಗೊಳ್ಳುತ್ತವೆ. ನರಗಳು ಈ ವೇಗವನ್ನು ಹೆಚ್ಚಿಸಬಲ್ಲವು ಅಥವಾ ತಗ್ಗಿಸಬಲ್ಲವು, ಆದರೆ ಬಡಿತಕ್ಕೆ ನರದ ಅಪ್ಪಣೆ ಬೇಕಿಲ್ಲ.

ಮಿದುಳಿನಲ್ಲಿ ಹೀಗೆ ತಾಳ ಹಾಕುವ ಒಬ್ಬನೇ ಯಜಮಾನನಿಲ್ಲ. ಕೋಟ್ಯಂತರ ಕೋಶಗಳು ಬೇರೆಬೇರೆ ಹೊತ್ತಿಗೆ ಮಿಡಿಯುವುದರಿಂದ ಅವುಗಳ ಒಟ್ಟು ವಿದ್ಯುತ್ತು ಒಂದನ್ನೊಂದು ಅಳಿಸಿಕೊಂಡು, ತಲೆಬುರುಡೆಯನ್ನು ದಾಟಿ ಚರ್ಮದ ಮೇಲೆ ತಲುಪುವಾಗ ವೋಲ್ಟಿನ ಹತ್ತುಲಕ್ಷ ಪಾಲುಗಳಲ್ಲಿ ಕೆಲವು ಹತ್ತುಗಳಷ್ಟೇ ಉಳಿಯುತ್ತದೆ. ಎದೆಯ ಮೇಲೆ ಸಿಗುವ ಹೃದಯದ ವಿದ್ಯುತ್ತು ಸುಮಾರು ಒಂದು ಮಿಲಿವೋಲ್ಟ್, ಅಂದರೆ ಹತ್ತಾರು ಪಟ್ಟು ಹೆಚ್ಚು. ಹೃದಯದ ವಿದ್ಯುತ್ ರೇಖೆಯಾದ ಇ.ಸಿ.ಜಿ. ಮೊದಲು ಬಂದು, ಮಿದುಳಿನ ರೇಖೆಯಾದ ಇ.ಇ.ಜಿ. ಒಂದು ತಲೆಮಾರು ತಡವಾದುದಕ್ಕೆ ಈ ಅಂತರವೇ ದೊಡ್ಡ ಕಾರಣ. ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ 1887ರಲ್ಲಿ ಮನುಷ್ಯ ಹೃದಯದ ಪ್ರವಾಹವನ್ನು ಮೈ ಮೇಲಿಂದಲೇ ದಾಖಲಿಸಿದರು. ಡಚ್ ವೈದ್ಯ ವಿಲ್ಲೆಮ್ ಐಂಥೋವನ್ 1901ರ ಬಳಿಕ ರೂಪಿಸಿದ, ಸುಮಾರು 270 ಕಿಲೋ ತೂಕದ, ನಡೆಸಲು ಐವರು ಬೇಕಾಗುತ್ತಿದ್ದ ಯಂತ್ರ ಅದನ್ನು ಆಸ್ಪತ್ರೆಯ ಸಾಧನವಾಗಿಸಿತು, ಅವರಿಗೆ 1924ರಲ್ಲಿ ನೊಬೆಲ್ ತಂದಿತು. ಮೊಲ ಮತ್ತು ಮಂಗಗಳ ಮಿದುಳಿನ ಪ್ರವಾಹಗಳನ್ನು ರಿಚರ್ಡ್ ಕೇಟನ್ 1875ರಲ್ಲೇ ವರದಿ ಮಾಡಿದ್ದರೂ, ಮನುಷ್ಯನ ನೆತ್ತಿಯ ಮೇಲಿಂದ ಅವನ್ನು ಹಿಡಿದ ಹಾನ್ಸ್ ಬರ್ಗರ್ ಅವರ ಲೇಖನ ಹೊರಬಂದದ್ದು 1929ರಲ್ಲಿ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ತೋರಿಸುವವರೆಗೆ ಅದನ್ನು ನಂಬಿದವರು ಕಡಿಮೆ.

ಬೈಕುಲ್ಲಾದಲ್ಲಿ ಈ ನಡುವೆ ಆದ ಬದಲಾವಣೆ ಸದ್ದಿಲ್ಲದ್ದು. 1938ರಲ್ಲಿ ಡಾ. ಕೆ.ಕೆ. ಮಸಾನಿ ಜೆ.ಜೆ. ಆಸ್ಪತ್ರೆಯಲ್ಲಿ ಮನೋರೋಗ ಚಿಕಿತ್ಸಾ ವಿಭಾಗವನ್ನು ತೆರೆದರು. ಸಾಮಾನ್ಯ ಆಸ್ಪತ್ರೆಯೊಳಗೆ ಅಂಥ ವಿಭಾಗ ದೇಶದಲ್ಲಿ ಅದಕ್ಕೆ ಮುಂಚೆ ಇದ್ದದ್ದು ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1933ರಲ್ಲಿ ಆರಂಭಿಸಿದ್ದು. ಮನಸ್ಸಿನ ಕಾಯಿಲೆಗೆ ಹೀಗೆ ಜಾಗ ಸಿಕ್ಕರೂ ನರವ್ಯೂಹದ ಕಾಯಿಲೆಗಳು ಸಾಮಾನ್ಯ ವೈದ್ಯರ ವಾರ್ಡಿನಲ್ಲೇ ಉಳಿದಿದ್ದವು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ತರಬೇತಾದ ನರರೋಗ ತಜ್ಞರು ಬೆರಳೆಣಿಕೆಯಷ್ಟು. ಜೇಕಬ್ ಚಾಂಡಿ, ಬಿ. ರಾಮಮೂರ್ತಿ, ಎಸ್.ಟಿ. ನರಸಿಂಹನ್ ಮತ್ತು ಬಲದೇವ್ ಸಿಂಗ್ 1951ರಲ್ಲಿ ಮದರಾಸಿನಲ್ಲಿ ಭಾರತೀಯ ನರವಿಜ್ಞಾನ ಸಂಘವನ್ನು ಕಟ್ಟಿದಾಗ ಸ್ಥಾಪಕರು ನಾಲ್ವರೇ.

ನೋಶಿರ್ ಹೊರ್ಮಸ್‌ಜಿ ವಾಡಿಯಾ 1925ರಲ್ಲಿ ಸೂರತ್‌ನಲ್ಲಿ ಹುಟ್ಟಿ, ಗ್ರಾಂಟ್ ಕಾಲೇಜಿನಲ್ಲೇ ವೈದ್ಯ ಪದವಿ ಪಡೆದು, ಲಂಡನ್ನಿಗೆ ಹೋಗಿ ನರರೋಗ ಶಾಸ್ತ್ರವನ್ನು ಕಲಿತವರು. 1957ರಲ್ಲಿ ಮರಳಿ ಬಂದು ತಾವು ಓದಿದ ಕಾಲೇಜು ಮತ್ತು ಜೆ.ಜೆ. ಆಸ್ಪತ್ರೆಗಳಲ್ಲಿ ನರರೋಗ ವಿಭಾಗವನ್ನು ಆರಂಭಿಸಿದರು. ಮಿದುಳಿನ ಒಳಗನ್ನು ಪರದೆಯ ಮೇಲೆ ತೋರಿಸುವ ಸ್ಕ್ಯಾನ್ ಯಂತ್ರಗಳು ಬರಲು ಇನ್ನೂ ಒಂದೂವರೆ ದಶಕವಿತ್ತು. ಆಗಿನ ನರವೈದ್ಯನ ವಿದ್ಯೆಯೆಂದರೆ, ರೋಗಿಯ ನಡಿಗೆ, ಮಾತು, ಕಣ್ಣು, ಕೈಕಾಲುಗಳ ಬಲ ಮತ್ತು ಸ್ಪರ್ಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದು ಕೆಟ್ಟಿದೆ ಮತ್ತು ಯಾವುದು ಕೆಟ್ಟಿಲ್ಲ ಎಂಬುದನ್ನು ಜೋಡಿಸಿ, ವಿದ್ಯುತ್ ದಾರಿ ಕಡಿದುಹೋದ ಜಾಗವನ್ನು ತರ್ಕದಿಂದ ಗುರುತಿಸುವುದು. ಗಿರಣಿಗಳ ಬಡಾವಣೆಗಳ ಮಧ್ಯೆ ನಿಂತ, ಊರೂರುಗಳಿಂದ ಬಂದ ಬಡವರು ಹಣವಿಲ್ಲದೆಯೂ ಸೇರಬಹುದಾಗಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಈ ವಿದ್ಯೆಗೆ ಬೇಕಾದ ಅನುಭವಕ್ಕೆ ಕೊರತೆಯಿರಲಿಲ್ಲ.

ಆ ವಿಭಾಗ ಬೆಳೆಯುತ್ತಿದ್ದಾಗಲೇ, ಬೈಕುಲ್ಲಾದಿಂದ ಉತ್ತರಕ್ಕೆ ಚಿಂಚ್‌ಪೋಕ್ಲಿ, ಕರಿ ರೋಡ್ ದಾಟಿದರೆ ಸಿಗುವ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ 1968ರ ಫೆಬ್ರವರಿ 16ರಂದು ಭಾರತದ ಮೊದಲ ಹೃದಯ ಕಸಿ ನಡೆಸಿದರು. ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಜಗತ್ತಿನ ಮೊದಲ ಕಸಿ ಮಾಡಿ ಆಗ ಮೂರು ತಿಂಗಳೂ ತುಂಬಿರಲಿಲ್ಲ. ರೋಗಿ ಬದುಕಿದ್ದು ಕೆಲವೇ ಗಂಟೆ. ಕಸಿಯಾದ ಹೃದಯಕ್ಕೆ ಹೊಸ ಒಡೆಯನ ಯಾವ ನರದ ಸಂಪರ್ಕವೂ ಇರುವುದಿಲ್ಲ, ಆದರೂ ಅದು ಬಡಿಯುತ್ತದೆ. ಗಂಟಿನ ಸ್ವಾಯತ್ತತೆಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಹಾಗಾದರೆ ಮನುಷ್ಯ ಸತ್ತದ್ದು ಯಾವಾಗ ಎಂಬ ಪ್ರಶ್ನೆ ಅದರ ಬೆನ್ನಿಗೇ ಎದ್ದಿತು. ಅದೇ ವರ್ಷದ ಆಗಸ್ಟಿನಲ್ಲಿ ಹಾರ್ವರ್ಡಿನ ಸಮಿತಿಯೊಂದು, ಹೃದಯ ಬಡಿಯುತ್ತಿದ್ದರೂ ಮಿದುಳು ಮರಳಿ ಬಾರದಂತೆ ನಿಂತಿದ್ದರೆ ಅದನ್ನು ಸಾವೆಂದು ಪರಿಗಣಿಸಬಹುದೆಂದು ಹೇಳಿ, ಅದಕ್ಕೆ ಇ.ಇ.ಜಿ.ಯ ನೇರ ಗೆರೆಯನ್ನು ಪೋಷಕ ಸಾಕ್ಷ್ಯವಾಗಿ ಹೆಸರಿಸಿತು. ಭಾರತದ ಕಾನೂನು ಮಿದುಳುಕಾಂಡದ ಸಾವನ್ನು ಒಪ್ಪಿಕೊಂಡದ್ದು 1994ರಲ್ಲಿ, ಸೇನ್ ಅವರ ಪ್ರಯತ್ನದ 26 ವರ್ಷಗಳ ಬಳಿಕ. ದೆಹಲಿಯ ಏಮ್ಸ್‌ನಲ್ಲಿ ದೇಶದ ಮೊದಲ ಯಶಸ್ವಿ ಹೃದಯ ಕಸಿ ನಡೆದದ್ದೂ ಅದೇ ವರ್ಷ.

ಜೆ.ಜೆ. ಆಸ್ಪತ್ರೆಯ ಪಾಲಿಗೆ ನಿರ್ಣಾಯಕವಾದದ್ದು 1971. ಆ ವರ್ಷ ವಾಡಿಯಾ ಮತ್ತು ಅವರ ಸಹೋದ್ಯೋಗಿ ಸ್ವಾಮಿ ಲಂಡನ್ನಿನ 'ಬ್ರೈನ್' ಪತ್ರಿಕೆಯಲ್ಲಿ ಒಂಬತ್ತು ಕುಟುಂಬಗಳ ವಂಶಪಾರಂಪರ್ಯ ಕಾಯಿಲೆಯೊಂದನ್ನು ವರ್ಣಿಸಿದರು. ಈ ಕುಟುಂಬಗಳವರ ನಡಿಗೆ ತೂರಾಡುತ್ತಿತ್ತು, ಮಾತು ತೊದಲುತ್ತಿತ್ತು. ಚಲನೆಗಳಿಗೆ ಅಳತೆ ಹಿಡಿಯುವ ಕಿರುಮಿದುಳು ಸವೆಯುವ ಇಂಥ ಕಾಯಿಲೆಗಳು ಹೊಸತಲ್ಲ. ಹೊಸದಾಗಿದ್ದುದು ಅವರ ಕಣ್ಣು. ಆರೋಗ್ಯವಂತ ಮನುಷ್ಯ ಒಂದು ವಸ್ತುವಿನಿಂದ ಇನ್ನೊಂದಕ್ಕೆ ನೋಟ ಬದಲಿಸುವಾಗ ಕಣ್ಣುಗುಡ್ಡೆ ಸೆಕೆಂಡಿಗೆ ನೂರಾರು ಡಿಗ್ರಿ ವೇಗದಲ್ಲಿ ಚಿಮ್ಮುತ್ತದೆ, ಓದುವಾಗ ಇಂಥ ಚಿಮ್ಮುಗಳು ಸೆಕೆಂಡಿಗೆ ಮೂರ್ನಾಲ್ಕು ಆಗುತ್ತವೆ. ಈ ರೋಗಿಗಳ ಕಣ್ಣು ಆ ದೂರವನ್ನು ತೆವಳುತ್ತ ಕ್ರಮಿಸುತ್ತಿತ್ತು. ಎದುರು ಕುಳಿತ ವೈದ್ಯನಿಗೆ, ಗಮನವಿದ್ದರೆ, ಅದು ಬರಿಗಣ್ಣಿಗೇ ಕಾಣುವಷ್ಟು ಸ್ಪಷ್ಟ.

ಇದರ ಅರ್ಥವನ್ನು ಬಿಡಿಸಿದ ತರ್ಕ ನರವಿಜ್ಞಾನದ ಅತ್ಯುತ್ತಮ ಮಾದರಿಗಳಲ್ಲಿ ಒಂದೆನ್ನಬಹುದು. ತಲೆಯನ್ನು ತಿರುಗಿಸಿದಾಗ ದೃಷ್ಟಿ ಕದಲದಂತೆ ಕಣ್ಣು ವಿರುದ್ಧ ದಿಕ್ಕಿಗೆ ಹೊರಳುವ ಪ್ರತಿವರ್ತನೆಯಲ್ಲಿ ಅದೇ ಕಣ್ಣು ಸರಾಗವಾಗಿ ಚಲಿಸಬಲ್ಲದಾದರೆ, ಕಣ್ಣನ್ನು ಎಳೆಯುವ ಸ್ನಾಯುಗಳಾಗಲಿ ಅವಕ್ಕೆ ಹೋಗುವ ನರಗಳಾಗಲಿ ಕೆಟ್ಟಿಲ್ಲವೆಂದಾಯಿತು. ಕೆಟ್ಟಿರುವುದು ಚಿಮ್ಮು ನೋಟದ ಆಜ್ಞೆಯನ್ನು ಸಿದ್ಧಪಡಿಸುವ ಜಾಗ. ಆ ಜಾಗ ಮಿದುಳುಕಾಂಡದ ನಡುಭಾಗವಾದ ಪಾನ್ಸ್‌ನಲ್ಲಿದೆ. ಅಲ್ಲಿನ ಕೆಲವು ನರಕೋಶಗಳು ಉಳಿದ ಹೊತ್ತೆಲ್ಲ ಸುಮ್ಮನಿದ್ದು, ನೋಟ ಬದಲಿಸುವ ಕ್ಷಣದಲ್ಲಿ ಮಾತ್ರ ಸೆಕೆಂಡಿಗೆ ನೂರಾರು ಮಿಡಿತಗಳ ಒಂದು ಸ್ಫೋಟವನ್ನು ಹೊಮ್ಮಿಸಿ ಕಣ್ಣಿನ ಸ್ನಾಯುಗಳನ್ನು ಒಮ್ಮೆಗೇ ಸೆಳೆಯುವಂತೆ ಮಾಡುತ್ತವೆ. ಸ್ಫೋಟ ದುರ್ಬಲವಾದಷ್ಟೂ ಕಣ್ಣು ನಿಧಾನ. ಈ ವೇಗವನ್ನು ವಿದ್ಯುತ್ತಿನಿಂದಲೇ ಅಳೆಯಬಹುದು, ಯಾಕೆಂದರೆ ಕಣ್ಣುಗುಡ್ಡೆಯ ಮುಂಭಾಗವು ಹಿಂಭಾಗಕ್ಕಿಂತ ಕೆಲವು ಮಿಲಿವೋಲ್ಟ್ ಧನವಾಗಿದ್ದು, ಕಣ್ಣು ಹೊರಳಿದಂತೆ ಕಣ್ಣಂಚಿನ ಚರ್ಮಕ್ಕೆ ಅಂಟಿಸಿದ ವಿದ್ಯುದ್ವಾರಗಳು ಆ ಬದಲಾವಣೆಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತವೆ. ಹೃದಯದ ತಾಳ ಕೆಟ್ಟರೆ ಅದರ ಬದಲಿಗೆ ಮೈಯೊಳಗೆ ಪೇಸ್‌ಮೇಕರ್ ಇಡುವ ಚಿಕಿತ್ಸೆ 1958ರಲ್ಲೇ ಸ್ವೀಡನ್ನಿನಲ್ಲಿ ಮೊದಲಾಗಿತ್ತು. ಪಾನ್ಸ್‌ನ ಈ ಕೋಶಗಳಿಗೆ ಅಂಥ ಬದಲಿ ಇಲ್ಲ. ಈ ಕಾಯಿಲೆಯಲ್ಲಿ ಕಿರುಮಿದುಳಿನಲ್ಲಿ ನಾಶವಾಗುವ ದೊಡ್ಡ ಕೋಶಗಳನ್ನು 1837ರಲ್ಲಿ ಮೊದಲು ವರ್ಣಿಸಿದವರು, ಹೃದಯದ ಎಳೆಗಳನ್ನು ಕಂಡ ಅದೇ ಪುರ್ಕಿನ್ಯೆ. ಎರಡೂ ಅವರ ಹೆಸರನ್ನೇ ಹೊತ್ತಿವೆ.

ಅದೇ 1971ರಲ್ಲಿ ಮುಂಬಯಿಯಲ್ಲಿ ಕಣ್ಣುಬೇನೆಯ ದೊಡ್ಡ ಅಲೆ ಎದ್ದಿತು. 1969ರಲ್ಲಿ ಆಫ್ರಿಕದ ಘಾನಾದಲ್ಲಿ ಮೊದಲು ಕಂಡುಬಂದ, ಚಂದ್ರಯಾನದ ವರ್ಷವಾದ್ದರಿಂದ ಅಲ್ಲಿ ಅಪೊಲೊ ಎಂಬ ಅಡ್ಡಹೆಸರು ಪಡೆದ ಈ ಬೇನೆ, ಬಾಂಗ್ಲಾ ವಿಮೋಚನೆಯ ವರ್ಷ ಬಂಗಾಳದಲ್ಲಿ 'ಜಯ್ ಬಾಂಗ್ಲಾ' ಎನಿಸಿಕೊಂಡಿತು. ಜಪಾನಿನ ವಿಜ್ಞಾನಿಗಳು ಇದರ ವೈರಾಣುವನ್ನು ಬೇರ್ಪಡಿಸಿದರು. ಪೋಲಿಯೊದ ಬಂಧುವಾದ ಅದಕ್ಕೆ ಎಂಟೆರೊವೈರಸ್ 70 ಎಂಬ ಹೆಸರು ಬಂತು. ಕಣ್ಣು ಕೆಂಪಾಗಿ, ರಕ್ತ ಕಟ್ಟಿ, ಕೆಲವೇ ದಿನಗಳಲ್ಲಿ ವಾಸಿಯಾಗುತ್ತಿದ್ದುದರಿಂದ ಅದನ್ನು ಯಾರೂ ಗಂಭೀರವಾಗಿ ಎಣಿಸಲಿಲ್ಲ. ಆದರೆ ಕಣ್ಣು ವಾಸಿಯಾದ ಕೆಲವು ವಾರಗಳ ನಂತರ ಸೊಂಟ ಮತ್ತು ಕಾಲುಗಳಲ್ಲಿ ತೀವ್ರ ನೋವು ಬಂದು, ಬೆನ್ನಿಗೇ ಕಾಲಿನ ಬಲ ಹೋದ ರೋಗಿಗಳು, ಹೆಚ್ಚಾಗಿ ವಯಸ್ಕ ಗಂಡಸರು, ಜೆ.ಜೆ. ಮತ್ತು ಕೆ.ಇ.ಎಂ. ಆಸ್ಪತ್ರೆಗಳಿಗೆ ಬರತೊಡಗಿದರು. ಪೋಲಿಯೊದಂತೆ ಕಾಣುವ ದೌರ್ಬಲ್ಯ, ಆದರೆ ಮಕ್ಕಳಲ್ಲಲ್ಲ. ವಾರಗಳ ಹಿಂದಿನ ಕಣ್ಣುಬೇನೆಯನ್ನು ರೋಗಿ ತಾನಾಗಿ ಹೇಳುವ ಸಂಭವ ಕಡಿಮೆ, ಕೇಳಿದರಷ್ಟೇ ಗೊತ್ತಾಗುತ್ತದೆ. ವಾಡಿಯಾ ಅವರ ತಂಡವೂ ಕೆ.ಇ.ಎಂ.ನ ನರತಜ್ಞರೂ ಆ ಪ್ರಶ್ನೆಯನ್ನು ಕೇಳಿದರು, ಮತ್ತು 1972, 1973ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಎರಡರ ಸಂಬಂಧವನ್ನು ಜಗತ್ತಿನ ಮುಂದಿಟ್ಟರು.

ವೈರಾಣು ಹಾಳುಮಾಡುತ್ತಿದ್ದುದು ಬೆನ್ನುಹುರಿಯ ಮುಂಭಾಗದ ಚಲನ ಕೋಶಗಳನ್ನು, ಅಂದರೆ ಸ್ನಾಯುವಿಗೆ ಮಿಡಿತ ಕಳಿಸುವ ಕೊನೆಯ ಕೊಂಡಿಯನ್ನು. ಕೈಕಾಲಿನ ಸ್ನಾಯುವಿಗೆ ಹೃದಯದಂತೆ ತನ್ನದೇ ತಾಳವಿಲ್ಲ. ನರದ ಮಿಡಿತ ನಿಂತರೆ ಅದು ಸುಮ್ಮನಾಗುತ್ತದೆ, ತಿಂಗಳುಗಳಲ್ಲಿ ಬಡವಾಗಿ ಒಣಗುತ್ತದೆ. ಸಂಪರ್ಕ ಕಡಿದ ಸ್ನಾಯುವಿಗೆ ತೆಳುವಾದ ಸೂಜಿ ವಿದ್ಯುದ್ವಾರ ಚುಚ್ಚಿದರೆ ಅದರ ಒಂಟಿ ಎಳೆಗಳು ಅರ್ಥವಿಲ್ಲದೆ ತಾವೇ ಅದಿರುವ ಸಣ್ಣ ವಿದ್ಯುತ್ ಸದ್ದುಗಳು ಕೇಳಿಸುತ್ತವೆ, ವೈದ್ಯರಿಗೆ ಅದು ನರ ಸತ್ತಿದೆಯೆಂಬ ಸಾಕ್ಷ್ಯ. ಹತ್ತು ವರ್ಷಗಳ ನಂತರ, 1981ರಲ್ಲಿ, ಕಣ್ಣುಬೇನೆ ಮುಂಬಯಿಗೆ ಮರಳಿದಾಗ ಲಕ್ವವೂ ಅದರ ಹಿಂದೆಯೇ ಬಂತು, ವಾಡಿಯಾ ಅವರ ತಂಡ ಅದನ್ನೂ ದಾಖಲಿಸಿತು.

ಒಂಬತ್ತು ಕುಟುಂಬಗಳ ಕಾಯಿಲೆಯ ಮೂಲ ತಿಳಿಯಲು ಹೆಚ್ಚು ಕಾಲ ಬೇಕಾಯಿತು. 1973ರಲ್ಲಿ ವಾಡಿಯಾ ಮುಂಬಯಿಯದೇ ಜಸ್ಲೋಕ್ ಆಸ್ಪತ್ರೆಯ ನರರೋಗ ವಿಭಾಗದ ನಿರ್ದೇಶಕರಾದರು. 1985ರಲ್ಲಿ ಯುರೋಪಿನ ಅಂಗರಚನಾ ತಜ್ಞರ ಜೊತೆಗೂಡಿ, ನಿಧಾನಗಣ್ಣಿನ ರೋಗಿಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಅಧ್ಯಯನವನ್ನು ಪ್ರಕಟಿಸಿದರು. 1996ರಲ್ಲಿ ಮೂರು ಬೇರೆಬೇರೆ ಸಂಶೋಧನಾ ತಂಡಗಳು ಹನ್ನೆರಡನೆಯ ವರ್ಣತಂತುವಿನಲ್ಲಿ ಒಂದು ದೋಷವನ್ನು ಕಂಡುಹಿಡಿದವು: ಅಲ್ಲಿನ ಒಂದು ವಂಶವಾಹಿಯಲ್ಲಿ ಸಿ-ಎ-ಜಿ ಎಂಬ ಮೂರಕ್ಷರದ ಗುಂಪು ಸಾಮಾನ್ಯರಲ್ಲಿ ಸುಮಾರು 22 ಬಾರಿ ಪುನರಾವರ್ತನೆಯಾದರೆ, ರೋಗಿಗಳಲ್ಲಿ ಮೂವತ್ತರ ಮಧ್ಯಭಾಗವನ್ನು ದಾಟಿ ಬೆಳೆದಿರುತ್ತದೆ, ಮತ್ತು ಗುಂಪುಗಳು ಹೆಚ್ಚಿದಷ್ಟೂ ಕಾಯಿಲೆ ಚಿಕ್ಕ ವಯಸ್ಸಿಗೇ ತಲೆಹಾಕುತ್ತದೆ. ಎಸ್.ಸಿ.ಎ. 2 ಎಂದು ಹೆಸರಾದ ಈ ಕಾಯಿಲೆ ಕ್ಯೂಬಾದ ಓಲ್ಗಿನ್ ಪ್ರಾಂತದಲ್ಲಿ ಜಗತ್ತಿನಲ್ಲೇ ಅತಿ ದಟ್ಟವಾಗಿದೆ. 1998ರಲ್ಲಿ, ಮೊದಲ ಲೇಖನ ಬಂದ ಅದೇ 'ಬ್ರೈನ್' ಪತ್ರಿಕೆಯಲ್ಲಿ, ವಾಡಿಯಾ ಮತ್ತು ಸಹಲೇಖಕರು ಭಾರತದ ಆರು ವಂಶಗಳಲ್ಲಿ ಈ ದೋಷವಿರುವುದನ್ನು ವರದಿ ಮಾಡಿದರು. ಅವರು 2012ರಲ್ಲಿ ಪದ್ಮಭೂಷಣ ಪಡೆದು, 2016ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.